ಅದೇ ಅಳತೆಯ ಮೀನು

ಅಕ್ಕ ತೀರಿಕೊಂಡ ಮೇಲೆ ಚಿಕ್ಕಿ ಆ ಮನೆಗೆ ಬಂದದ್ದು ನಾಲ್ಕು ದಿನದ ಮಟ್ಟಿಗೆ. ನಾಲ್ಕು ದಿನ ಎನ್ನುವುದು ಬಾಯಿಮಾತು, ಎಣಿಸುವ ಸ್ಥಿತಿಯಲ್ಲಿ ಯಾರಿದ್ದರು? ತಿಂಗಳುಗಳೇ ಕಳೆದವು. ಅವಳು ತಂದ ಸೂಟ್‌ಕೇಸು ಮಾತ್ರ ಮಂಚದ ಕೆಳಗೆ ಹಾಗೇ ಬಿದ್ದಿತ್ತು, ಅದನ್ನು ಬಿಚ್ಚುವ ಪ್ರಸಂಗವೇ ಬರಲಿಲ್ಲ. ಒಂದು ದಿನ ಚಳಿ ಎಂದು ಅಕ್ಕನ ಸ್ವೆಟರು ಹಾಕಿಕೊಂಡಳು. ಇನ್ನೊಂದು ದಿನ ಒಗೆದದ್ದು ಒಣಗಿಲ್ಲ ಎಂದು ಅಕ್ಕನ ಬೀರುವಿನಿಂದ ಇನ್ನೇನೋ ತೆಗೆದಳು. ಎಲ್ಲವೂ ಅವಳ ಮೈ ಅಳತೆ ಕೊಟ್ಟೇ ಹೊಲಿಸಿದ ಹಾಗೆ ಕೂರುತ್ತಿದ್ದವು.

ಚಿಕ್ಕಿ ಎಂದರೆ ಗುಬ್ಬಿಯ ಬಾಯಲ್ಲಿ ಚಿಕ್ಕಮ್ಮ. ಗುಬ್ಬಿ ಅಕ್ಕನ ಮಗಳು, ಎರಡನೇ ಕ್ಲಾಸು, ಮಾತಿಗೆ ನಿಂತರೆ ವಕೀಲರೂ ಕೈ ಮುಗಿಯಬೇಕು. ಚಿಕ್ಕಿಗೆ ಅವಳದೇ ಒಂದು ಹೆಸರಿದೆ, ಊರಿನ ಆ ತುದಿಯಲ್ಲಿ ಬಾಡಿಗೆಯ ಕೋಣೆಯೊಂದಿದೆ, ಕೈತುಂಬ ಕೆಲಸವಿದೆ. ಕಟ್ಟುಹಲ್ಲು ಮಾಡುವ ಕೆಲಸ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವಳು ಪಕ್ಕದ ಹಲ್ಲುಗಳ ಬಣ್ಣ, ಸವೆತ, ಓರೆ ಎಲ್ಲವನ್ನೂ ನೋಡಿ ಬಿದ್ದುಹೋದ ಹಲ್ಲಿನ ತದ್ರೂಪು ಮಾಡಿ ಕೊಡುತ್ತಾಳೆ. ಕೂಡಿಸಿದ ಮೇಲೆ ಹೆತ್ತ ತಾಯಿಗೂ ಗೊತ್ತಾಗಬಾರದು, ಅಂಥ ಕೈ. ಅದರ ಬಗ್ಗೆ ಸ್ವಲ್ಪ ಜಂಭವೂ ಇತ್ತು, ಇರಲಿ ಬಿಡಿ, ಬರುವ ಕೆಲಸಕ್ಕೆ ಜಂಭಪಟ್ಟರೆ ತಪ್ಪೇನು.

ಭಾವ ಲಿಫ್ಟ್ ರಿಪೇರಿಯವನು. ಎತ್ತರದ ಕಟ್ಟಡಗಳ ನೆತ್ತಿಯ ಮೇಲೆ ಗ್ರೀಸು ಮೆತ್ತಿದ ಕೈಯಲ್ಲಿ ಕೂತು ಹಗ್ಗ, ಗಾಲಿ, ಮೋಟರುಗಳ ಸದ್ದು ಕೇಳುವ ಮನುಷ್ಯ. ಮಾತು ಕಮ್ಮಿ. ಯಾವ ಭಾಗ ಹೋಗಿದೆಯೋ ಅದೇ ಅಳತೆಯ ಭಾಗ ತಂದು ಹಾಕಿದರೆ ಲಿಫ್ಟ್ ಮತ್ತೆ ಓಡುತ್ತದೆ. ಇದು ಅವನ ಕಸುಬು, ಹೇಳಬೇಕೆಂದರೆ ಅವನ ಧರ್ಮವೂ ಇದೇ. ಹೆಂಡತಿಯನ್ನು ‘ದೊರೆ’ ಎಂದು ಕರೆಯುತ್ತಿದ್ದ. ‘ದೊರೇ, ಊಟ ಆಯ್ತಾ?’ ‘ದೊರೆ ಅಪ್ಪಣೆ ಕೊಟ್ರೆ ಮಲಗ್ತೀನಿ.’ ಅವನ ಬಾಯಿಂದ ಬರುತ್ತಿದ್ದ ತಮಾಷೆ ಅಷ್ಟೇ, ಈಗ ಅದೂ ಇರಲಿಲ್ಲ.

ಮುಂದಿನ ಕೋಣೆಯ ಗೋಡೆಗೊತ್ತಿ ಅಕ್ಕನ ಮೀನಿನ ತೊಟ್ಟಿ. ದೊಡ್ಡದೇನಲ್ಲ, ಇಬ್ಬರು ತಬ್ಬಿ ಎತ್ತಬಹುದಾದಷ್ಟು ಗಾಜಿನ ಪೆಟ್ಟಿಗೆ. ಒಳಗಿರುವುದು ಸಿಹಿನೀರಲ್ಲ, ಸಮುದ್ರದಂಥ ಉಪ್ಪುನೀರು. ಸಿಹಿನೀರಿನ ಮೀನು ಸಾಕುವುದು ಮಕ್ಕಳಾಟ. ಉಪ್ಪುನೀರಿನವು ಹಾಗಲ್ಲ, ಚೂರು ಹೆಚ್ಚುಕಮ್ಮಿಯಾದರೂ ಸಹಿಸುವುದಿಲ್ಲ. ನೀರು ಆವಿಯಾಗಿ ಇಳಿಯುತ್ತಾ ಹೋಗುತ್ತದೆ, ಉಪ್ಪು ಮಾತ್ರ ಎಲ್ಲಿಗೂ ಹೋಗದೆ ಅಲ್ಲೇ ಉಳಿದು ಗಟ್ಟಿಯಾಗುತ್ತದೆ. ಅದಕ್ಕೇ ದಿನವೂ ಸಿಹಿನೀರು ಸೇರಿಸಬೇಕು, ಗಾಜಿನ ಅಂಚಿಗೆ ಹತ್ತಿ ತೆವಳುವ ಬಿಳಿ ಉಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಇದನ್ನೆಲ್ಲ ಈಗ ಚಿಕ್ಕಿ ಮಾಡುತ್ತಿದ್ದಳು. ಎಷ್ಟು ಒರೆಸಿದರೂ ಮಾರನೇ ದಿನ ಉಪ್ಪು ಅದೇ ಜಾಗದಲ್ಲಿ ಮೂಡಿರುತ್ತಿತ್ತು.

ತೊಟ್ಟಿಯಲ್ಲಿದ್ದವು ಎರಡೇ ಮೀನು, ಕಿತ್ತಳೆ ಮೈಗೆ ಬಿಳಿ ಪಟ್ಟೆ. ಅಂಗಡಿಯವರು ಕ್ಲೌನ್ ಎನ್ನುತ್ತಾರೆ, ಗುಬ್ಬಿ ಕೋಡಂಗಿ ಎನ್ನುತ್ತಿದ್ದಳು. ಒಂದು ದೊಡ್ಡದು, ಒಂದು ಚಿಕ್ಕದು. ದೊಡ್ಡದರ ನಡುಪಟ್ಟೆ ಒಂದು ಕಡೆ ಮುರಿದ ಹಾಗಿತ್ತು, ಅಕ್ಕನಿಗೆ ಅದೆಂದರೆ ಪ್ರಾಣ. ಅಕ್ಕ ಹೋದ ತಿಂಗಳಲ್ಲೇ ಅದೂ ಹೋಯಿತು. ಭಾವ ಅದನ್ನು ಅಂಗೈಯಲ್ಲಿಟ್ಟುಕೊಂಡು, ಜೇಬಿನಿಂದ ಉಕ್ಕಿನ ಸ್ಕೇಲು ತೆಗೆದು, ಮೂತಿಯಿಂದ ಬಾಲದವರೆಗೆ ಅಳೆದ. ಉಳಿದ ಚಿಕ್ಕದು ಕಲ್ಲಿನ ಸಂದಿಯಲ್ಲಿ ಅವಿತುಕೊಂಡು ಕೆಲವು ದಿನ ಹೊರಗೇ ಬರಲಿಲ್ಲ.

ಅದನ್ನು ಹೊರಗೆ ಕರೆದವಳು ಚಿಕ್ಕಿ. ಒಂದು ಸಂಜೆ ಕಾಳು ಹಾಕುವ ಮುನ್ನ ಉಗುರಿನಿಂದ ಗಾಜಿಗೆ ಟಕ್, ಸ್ವಲ್ಪ ತಡೆದು ಟಕ್‌ಟಕ್ ಎಂದು ಬಡಿದಳು. ಮೀನು ಬಾಣದ ಹಾಗೆ ಬಂತು. ಹಿಂದೆ ನಿಂತಿದ್ದ ಗುಬ್ಬಿ ಕೇಳಿದಳು, “ನಿಂಗ್ಯಾರು ಹೇಳ್ಕೊಟ್ರು?”

“ಏನನ್ನ?”

“ಹಂಗೆ ಬಡಿಯೋದನ್ನ. ಅಮ್ಮ ಹಂಗೇ ಬಡೀತಿದ್ಲು.”

ಅಕ್ಕ ಬಡಿಯುವುದನ್ನು ಚಿಕ್ಕಿ ನೋಡಿರಲೇ ಇಲ್ಲ. ಕೆಲಸದ ನೆಪದಲ್ಲಿ ಈ ಮನೆಗೆ ಅವಳು ಬರುತ್ತಿದ್ದದ್ದೇ ಅಪರೂಪ. “ಸುಮ್ನೆ ಬಂತು ಕಣೇ,” ಎಂದಳು. ಗಾಜಿನಲ್ಲಿ, ನೀಲಿ ದೀಪದ ಎದುರು, ಅವಳ ಮುಖ ಕಾಣುತ್ತಿತ್ತು. ಅಕ್ಕ ತಂಗಿ ಮೊದಲಿಂದಲೂ ಒಂದೇ ಅಚ್ಚು. ಈಗ ಅಕ್ಕನ ಸ್ವೆಟರಿನಲ್ಲಿ, ಅಕ್ಕನ ಹಾಗೆ ಎತ್ತಿ ಕಟ್ಟಿದ ಕೂದಲಲ್ಲಿ, ನೀರಿನ ಆಚೆಯಿಂದ ಅಕ್ಕನೇ ಇವಳನ್ನು ನೋಡುತ್ತಿದ್ದಂತೆ ಇತ್ತು. “ಅಲ್ಲಿ ನಿಲ್ಲಬೇಡ,” ಎಂದಳು ಗುಬ್ಬಿ, ಮೆಲ್ಲಗೆ.

ಇಂಥವು ಒಂದೆರಡಲ್ಲ. ಕೋಣೆಯೊಳಗೆ ಬರುವ ಮುನ್ನ ಗಂಟಲು ಸರಿಮಾಡಿಕೊಳ್ಳುವುದು ಅಕ್ಕನ ಅಭ್ಯಾಸ, ಚಿಕ್ಕಿಗೆ ಅದು ಯಾವಾಗ ಅಂಟಿತೋ ದೇವರಿಗೇ ಗೊತ್ತು. ಒಂದು ಮಧ್ಯಾಹ್ನ ಫೋನಿನಲ್ಲಿ ಅಕ್ಕನ ಹಳೇ ಗೆಳತಿ. ಸಾವಿನ ಸುದ್ದಿ ಅವಳಿಗೆ ಮುಟ್ಟಿರಲಿಲ್ಲ. “ನಿನ್ನ ದನಿ ಕೇಳಿ ಎಷ್ಟು ಕಾಲ ಆಯ್ತೇ!” ಎಂದು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಚಿಕ್ಕಿ ಅಲ್ಲೇ ತಡೆದು ಹೇಳಬೇಕಿತ್ತು. ಬಾಯಿ ತೆರೆದರೆ “ಹೌದಲ್ವಾ, ಎಷ್ಟು ಕಾಲ ಆಯ್ತು” ಎಂದು ಬಂತು. ಗೆಳತಿ ನಗುನಗುತ್ತಾ ಫೋನಿಟ್ಟಳು. ಚಿಕ್ಕಿ ರಿಸೀವರು ಹಿಡಿದುಕೊಂಡು ಅಲ್ಲೇ ಕೂತಳು.

ಹೀಗಿರುವಾಗ ಒಂದು ಭಾನುವಾರ ಗುಬ್ಬಿಯ ಸೋದರತ್ತೆ ಬಂದಳು. ಭಾವನ ಅಕ್ಕ. ಮನಸ್ಸು ಒಳ್ಳೆಯದೇ, ಬಾಯಿಗೆ ಮಾತ್ರ ಬಾಗಿಲಿಲ್ಲ. ಗುಬ್ಬಿಯನ್ನು ಆಡಲು ಕಳಿಸಿ, ಅಡುಗೆಮನೆಯಲ್ಲಿ ಚಿಕ್ಕಿಯನ್ನು ಎದುರು ಕೂರಿಸಿಕೊಂಡು ನೇರವಾಗಿ ವಿಷಯಕ್ಕೆ ಬಂದಳು.

“ನೋಡಮ್ಮ, ಸುತ್ತಿ ಬಳಸಿ ಹೇಳೋಕೆ ನಂಗೆ ಬರಲ್ಲ. ನೀನು ಇಲ್ಲೇ ಇದ್ದುಬಿಡು. ನನ್ನ ತಮ್ಮನ್ನ ಮದುವೆ ಆಗು. ಹೊರಗಿನವಳು ಬಂದು ಆ ಮಗೂನ ಹೇಗೆ ನೋಡ್ಕೋತಾಳೋ ಏನೋ. ನೀನಾದ್ರೆ ನಮ್ಮವಳು. ನೋಡೋಕೂ ಅವಳೇ.”

“ಭಾವ ಏನಂದ್ರು?”

“ಅವನೇನಂತಾನೆ, ತುಟಿಪಿಟಿಕ್ ಅನ್ನಲ್ಲ. ಬೇಡ ಅಂತಲೂ ಅನ್ನಲಿಲ್ಲ. ಮುಂದಿನ ಭಾನುವಾರ ಬರ್ತೀನಿ, ಒಂದು ಮಾತು ಹೇಳು.”

ಚಿಕ್ಕಿಯ ಸಂಕಟ ಕೇಳಿ. ಭಾವ ಕೆಟ್ಟವನಾಗಿದ್ದರೆ ಸುಲಭವಿತ್ತು. ಅವನು ಬಂಗಾರದಂಥ ಮನುಷ್ಯ. ಗುಬ್ಬಿಯ ಮೇಲೆ ಇವಳಿಗೆ ಜೀವ. ಬಾಡಿಗೆ ಕೋಣೆಗೆ ವಾಪಸ್ಸು ಹೋದರೆ ಕಾಯುವವರು ಯಾರೂ ಇಲ್ಲ, ಇಲ್ಲಿ ಬಾಗಿಲು ತೆಗೆದರೆ ಇಬ್ಬರು ತಲೆಯೆತ್ತಿ ನೋಡುತ್ತಾರೆ. ಹೂಂ ಎಂದರೆ ಮುಗಿಯಿತು. ಆದರೆ ಹೂಂ ಎನ್ನುವವರು ಯಾರು, ತಾನೋ ಅಕ್ಕನೋ, ಅದೇ ಅವಳಿಗೆ ತಿಳಿಯದಾಗಿತ್ತು. ಯೋಚನೆಯಲ್ಲಿ ಕೆಲಸದಲ್ಲೂ ಕೈ ತಪ್ಪಿತು. ಯಾರದೋ ಬಾಯಿಗೆ ಮಾಡಿದ ಹಲ್ಲು ಇನ್ಯಾರದೋ ಅಚ್ಚಿನಲ್ಲಿ ಕೂತಿತ್ತು.

ಅದೇ ವಾರದಲ್ಲಿ ಭಾವ, “ಆ ಮೀನಿಗೆ ಒಂದು ಜೊತೆ ತರೋಣ. ಒಂಟಿಯಾಗಿ ಸೊರಗ್ತಿದೆ,” ಎಂದ. ತಿಂಗಳುಗಳ ಮೇಲೆ ಅವನಾಗೇ ಆಡಿದ ಮಾತು ಅದು. ಮೂವರೂ ಹೊರಟರು.

ಮೀನಿನಂಗಡಿಯವಳನ್ನು ಗಿರಾಕಿಗಳು ಉಪ್ಪುನೀರಮ್ಮ ಎನ್ನುತ್ತಿದ್ದರು. ಮೊಣಕೈವರೆಗೂ ತೋಳು ಮಡಿಚಿಕೊಂಡ ದಪ್ಪ ಹೆಂಗಸು. ದುಡ್ಡು ತೋರಿಸಿದ ಮಾತ್ರಕ್ಕೆ ಮೀನು ಕೊಡುವವಳಲ್ಲ, ಹೆಣ್ಣು ಕೇಳಲು ಬಂದವರನ್ನು ವಿಚಾರಿಸುವ ಹಾಗೆ ವಿಚಾರಿಸುತ್ತಾಳೆ. ಅಂಗಡಿಯ ತುಂಬ ಗಾಜು, ನೀಲಿ ಬೆಳಕು, ಗುಳುಗುಳು ಸದ್ದು.

“ತೊಟ್ಟಿ ಎಷ್ಟಿದೆ?”

ಭಾವ ಕೈ ಅಗಲಿಸಿ ತೋರಿಸಿದ, ಒಳಗೆ ಕ್ಲೌನ್ ಒಂದೇ ಉಳಿದಿದೆ ಎಂದ.

“ಅಷ್ಟೇನಾ! ಅಷ್ಟರಲ್ಲಿ ದೊಡ್ಡ ಸಂಸಾರ ಹೂಡೋಕಾಗಲ್ಲ.”

ಗುಬ್ಬಿ ಆಗಲೇ ತಟ್ಟೆಯಗಲದ ನೀಲಿ ಮೀನೊಂದಕ್ಕೆ ಮನಸೋತಿದ್ದಳು. “ಅದಕ್ಕೆ ಓಡಾಡೋಕೆ ನಿಮ್ಮ ಇಡೀ ಮನೆ ಬೇಕು ಕಂದಾ,” ಎಂದಳು ಉಪ್ಪುನೀರಮ್ಮ. “ನಿನ್ನ ತೊಟ್ಟೀಲಿ ಬಿಟ್ರೆ ಗಾಜಿಗೆ ತಲೆ ಚಚ್ಕೊಂಡು ಸಾಯುತ್ತೆ.” ಮೈತುಂಬ ಮುಳ್ಳು ಹರಡಿಕೊಂಡು ಅಲುಗದೆ ನಿಂತಿದ್ದ ಇನ್ನೊಂದನ್ನು ತೋರಿಸಿದರೆ, “ಇವನು ನೋಡೋಕೆ ಸನ್ಯಾಸಿ. ಬಾಯಿಗೆ ಹಿಡಿಸೋದನ್ನೆಲ್ಲ ನುಂಗ್ತಾನೆ. ಬೆಳಗ್ಗೆ ಎದ್ದು ನೋಡಿದ್ರೆ ಇವನೊಬ್ಬನೇ ಇರ್ತಾನೆ.” ಹೆಬ್ಬೆರಳಷ್ಟೇ ಇದ್ದ ಕಡುನೀಲಿ ಪುಟಾಣಿಯನ್ನು ಚಿಕ್ಕಿ ತೋರಿಸಿದಳು. “ಅಯ್ಯೋ, ಅದೊಂದು ಬೇಡ! ಕಾಲಿಲ್ಲ ಅಂತ ಸುಮ್ನಿದೆ, ಇದ್ದಿದ್ರೆ ಕಾಲು ಕೆರ್ಕೊಂಡು ಜಗಳಕ್ಕೆ ಬರ್ತಿತ್ತು.”

ಹಾಗಾದರೆ ಏನು ಹಾಕಬೇಕು ಎಂದ ಭಾವ.

“ಚಿಕ್ಕ ತೊಟ್ಟೀಲಿ ಒಬ್ಬರ ಜಾಗಕ್ಕೆ ಇನ್ನೊಬ್ಬರು ಬರಬಾರದು. ಮರಳಲ್ಲಿರೋದು ಒಂದು, ಕಲ್ಲಿನ ಸಂದೀಲಿರೋದು ಒಂದು, ಮೇಲೆ ಓಡಾಡೋದು ಒಂದು. ಬಣ್ಣ, ಆಕಾರ ಬೇರೆ ಬೇರೆ ಇರ್ಲಿ. ಒಂದೇ ಥರ ಇರೋವು ಎದುರುಬದುರಾದ್ರೆ ಬಿಡಿಸೋಕೆ ಆಗಲ್ಲ. ಇಗೋ, ಈ ಗೋಬಿ ಅನ್ನೋ ಮೀನು ತಗೊಳ್ಳಿ. ಬಾಯ್ತುಂಬ ಮರಳು ತುಂಬ್ಕೊಂಡು ಉಗುಳ್ತಾ ಕೂತಿರುತ್ತೆ, ಯಾರ ಗೋಜಿಗೂ ಹೋಗಲ್ಲ. ಕ್ಲೌನ್ ಒಂದೇ ಉಳ್ದಿದೆ ಅಂದ್ರಲ್ಲ, ಯಾವುದು, ದೊಡ್ಡದೋ ಚಿಕ್ಕದೋ?”

“ಚಿಕ್ಕದು. ಹೆಣ್ಣು. ದೊಡ್ಡದು ಗಂಡು, ಹೋಯ್ತು,” ಎಂದ ಭಾವ.

“ತಲೆಕೆಳಗಾಗಿ ಹೇಳ್ತಿದೀರಿ. ಈ ಜಾತೀಲಿ ದೊಡ್ಡದೇ ಹೆಣ್ಣು. ಚಿಕ್ಕದು ಗಂಡು. ಗಂಡು ಆಗಿತ್ತು, ಅಂದ್ರೆ. ಈಗ ಹೆಣ್ಣಾಗಿರುತ್ತೆ.”

ಭಾವ ನಕ್ಕ. ಗುಬ್ಬಿ ಅವಳ ಬಾಯನ್ನೇ ನೋಡಿದಳು.

“ನಗಬೇಡಿ. ಇವುಗಳ ಹುಟ್ಟೇ ಹಾಗೆ. ಹೆಣ್ಣು ಸತ್ರೆ ಪಕ್ಕದಲ್ಲಿರೋದೇ ಆ ಜಾಗಕ್ಕೆ ಬರುತ್ತೆ. ಮೈ ಬೆಳೆಯುತ್ತೆ, ನಡೆ ಬದಲಾಗುತ್ತೆ, ಅವಳು ಮಲಗ್ತಿದ್ದ ಕಡೇನೇ ಮಲಗುತ್ತೆ. ನಿಧಾನವಾಗಿ ಅದೇ ಆಗಿಬಿಡುತ್ತೆ.”

“ಆಮೇಲೆ ವಾಪಸ್ಸು?” ಎಂದು ಕೇಳಿದಳು ಚಿಕ್ಕಿ.

“ವಾಪಸ್ಸಿಲ್ಲ. ಒಂದ್ಸಲ ಆದ್ರೆ ಆಯ್ತು.” ಉಪ್ಪುನೀರಮ್ಮ ಬಲೆ ತೆಗೆದುಕೊಂಡಳು. “ಅದಕ್ಕೇ ಹೇಳ್ತಿರೋದು, ಪುಟ್ಟ ಮರಿ ಕ್ಲೌನ್ ತಗೊಂಡು ಹೋಗಿ. ಅದು ತಗ್ಗಿಬಗ್ಗಿ ಇರುತ್ತೆ. ದೊಡ್ಡದನ್ನ ಮಾತ್ರ ಒಯ್ಯಬೇಡಿ.”

ಅಷ್ಟಕ್ಕೇ ಮುಗಿದಿದ್ದರೆ ಈ ಕಥೆ ಹೇಳುವ ಅಗತ್ಯವೇ ಇರಲಿಲ್ಲ. ಅವಳು ಮರಿ ಹಿಡಿಯುತ್ತಿರುವಾಗ ಚಿಕ್ಕಿಯ ಕಣ್ಣು ಹಿಂದಿನ ಸಾಲಿನ ತೊಟ್ಟಿಯೊಂದರ ಮೇಲೆ ಬಿತ್ತು. ಒಂಟಿ ಕ್ಲೌನ್, ದೊಡ್ಡದು. ನಡುಪಟ್ಟೆ ಒಂದು ಕಡೆ ಮುರಿದಿತ್ತು. ಬಾಲದ ಅಂಚಿನ ಕಪ್ಪು ಅಷ್ಟೇ ಅಗಲ, ಕಿತ್ತಳೆ ಅದೇ ಕಿತ್ತಳೆ. ಬಣ್ಣ ಹೊಂದಿಸುವುದರಲ್ಲೇ ಕಣ್ಣು ಸವೆಸಿದವಳು, ಅವಳ ಲೆಕ್ಕ ತಪ್ಪುವ ಮಾತೇ ಇರಲಿಲ್ಲ. ಎದುರಿಗೆ ತದ್ರೂಪು ಸಿಕ್ಕಾಗ ಅವಳ ಕೈಗೆ ಬರುವ ಖುಷಿ ಬಂತು, ಆಗಷ್ಟೇ ಕೇಳಿದ ಮಾತೆಲ್ಲ ಗಾಳಿಗೆ ಹೋಯಿತು.

“ಭಾವ, ಇಲ್ನೋಡಿ!”

ಭಾವ ನೋಡಿದ. ಜೇಬಿನಿಂದ ಸ್ಕೇಲು ತೆಗೆದು ಗಾಜಿಗೆ ಹಿಡಿದ. “ಅದೇ ಅಳತೆ,” ಎಂದ. ಅಂಗಡಿಯ ನಡುವೆ, ಅಷ್ಟು ಜನರೆದುರು, ಆ ಗಂಡಸಿನ ಕಣ್ಣಿಂದ ನೀರು ಇಳಿಯಿತು. “ಅದೇ ಅಳತೆ ಕಣಮ್ಮ.”

“ನಾನಿಷ್ಟೊತ್ತು ಗೋಡೆಗೆ ಹೇಳಿದ್ನಾ?” ಎಂದು ಉಪ್ಪುನೀರಮ್ಮ ರೇಗಿದಳು. ಅಳುವ ಗಂಡಸಿನ ಜೊತೆ ಎಷ್ಟು ವಾದಿಸುತ್ತಾಳೆ? “ತೂತಿನ ಡಬ್ಬೀಲಿಟ್ಟು ತೊಟ್ಟಿಯೊಳಗೆ ತೂಗುಹಾಕಿ, ಒಂದನ್ನೊಂದು ನೋಡ್ಲಿ. ಆಗಲ್ಲ ಅನ್ಸಿದ್ರೆ ತಕ್ಷಣ ತಂದ್ಬಿಡಿ,” ಎಂದು ಗೊಣಗುತ್ತಾ ಚೀಲಕ್ಕೆ ಹಾಕಿಕೊಟ್ಟಳು. ಗೋಬಿಯೂ ಬೇಡವಾಯಿತು, ಮರಿಯೂ ಬೇಡವಾಯಿತು. ದಾರಿಯುದ್ದಕ್ಕೂ ಭಾವ ಚೀಲವನ್ನು ಎದೆಗೊತ್ತಿಕೊಂಡು ಕೂತಿದ್ದ. ಗುಬ್ಬಿ ಮುಖ ಊದಿಸಿಕೊಂಡು ಕಿಟಕಿಯ ಕಡೆ ತಿರುಗಿದ್ದಳು.

“ಯಾಕೆ ಗುಬ್ಬಿ, ಅದೇ ಮೀನು ಸಿಕ್ತಲ್ಲ,” ಎಂದ ಭಾವ.

“ಅದು ಅದಲ್ಲ.”

“ಅದೇ ಥರ ಇದೆಯಲ್ಲೇ.”

“ಥರ ಇದ್ರೆ ಅದಾಗುತ್ತಾ?” ಎಂದಳು ಗುಬ್ಬಿ.

ಹೊಸದು ತೂತಿನ ಡಬ್ಬಿಯಲ್ಲಿದ್ದಷ್ಟು ದಿನ ಹಳೆಯ ಮೀನು ಡಬ್ಬಿಯ ಹತ್ತಿರ ಬಂದು ನಿಲ್ಲುತ್ತಿತ್ತು, ಮೂತಿಯಿಂದ ಕುಟ್ಟುತ್ತಿತ್ತು. ಆಗ ಚಿಕ್ಕಿ ಸರಿಯಾಗಿ ಗಮನಿಸಿದಳು. ಅದು ಬೆಳೆದಿತ್ತು. ಮೊದಲಿನ ಚಿಕ್ಕ ಮೀನು ಅದಾಗಿರಲಿಲ್ಲ. ದೊಡ್ಡದು ಮಲಗುತ್ತಿದ್ದ ಮೂಲೆಯಲ್ಲೇ ಮಲಗುತ್ತಿತ್ತು, ಅದರ ಹಾಗೆಯೇ ಓರೆಯಾಗಿ ಈಜುತ್ತಿತ್ತು. “ಮುದ್ದು ಮಾಡ್ತಿದೆ ನೋಡು,” ಎಂದ ಭಾವ. ಅವನಿಗೆ ಹಾಗೆ ಕಾಣಬೇಕಿತ್ತು, ಹಾಗೆ ಕಂಡಿತು.

ಶನಿವಾರ ಮಧ್ಯಾಹ್ನ ಹೊಸದನ್ನು ಬಿಟ್ಟರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಒಂದು ಈ ಮೂಲೆ, ಒಂದು ಆ ಮೂಲೆ. ಚಿಕ್ಕಿ ಪಾತ್ರೆ ತೊಳೆಯಲು ಒಳಗೆ ಹೋದಳು. ಗುಬ್ಬಿ ನೆಲದ ಮೇಲೆ ಕೂತು ಭೂಪಟಕ್ಕೆ ಬಣ್ಣ ತುಂಬುತ್ತಿದ್ದಳು. ಭಾವ ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು, ಗಾಜಿಗೆ ಹಣೆ ಹಚ್ಚುವಷ್ಟು ಹತ್ತಿರ ಬಾಗಿ, ಹೊಸ ಮೀನನ್ನು ಕರೆದ.

“ದೊರೇ...”

“ಬಂದೇ, ಒಂದ್ನಿಮಿಷ,” ಎಂದಳು ಅಡುಗೆಮನೆಯಿಂದ ಚಿಕ್ಕಿ.

ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು, ಗಂಟಲು ಸರಿಮಾಡಿಕೊಂಡಳು, “ಏನು?” ಎಂದಳು. ಭಾವ ತಿರುಗಿ ನೋಡುತ್ತಿದ್ದ. ಅವನ ಮುಖ ಬಿಳಿಚಿಕೊಂಡಿತ್ತು. ಗುಬ್ಬಿಯ ಕೈಯಲ್ಲಿದ್ದ ಬಣ್ಣದ ಪೆನ್ಸಿಲು ಸಮುದ್ರದ ಮೇಲೆ ನಿಂತುಬಿಟ್ಟಿತ್ತು. ತಾನು ಯಾವ ಹೆಸರಿಗೆ ಓಗೊಟ್ಟೆ ಎಂದು ಚಿಕ್ಕಿಗೆ ಆಗ ಹೊಳೆಯಿತು.

ಆಗ ತೊಟ್ಟಿಯಲ್ಲಿ ನೀರು ಛಳ್ಳೆಂದಿತು. ಹಳೆಯ ಮೀನು ಹೊಸದರ ಮೇಲೆ ಬಿದ್ದಿತ್ತು. ಕಚ್ಚಿ ಹಿಡಿದು ಕೊಸರಾಡಿತು, ಬಿಟ್ಟಿತು, ಮತ್ತೆ ಕಚ್ಚಿತು. ಎರಡೂ ಸುರುಳಿ ಸುತ್ತಿ, ಯಾವುದು ಯಾವುದೆಂದೇ ತಿಳಿಯಲಿಲ್ಲ, ಕಿತ್ತಳೆ ಬಿಳಿ ಕಿತ್ತಳೆ ಬಿಳಿ. ಗುಬ್ಬಿ ಕಿಟಾರನೆ ಕಿರುಚಿ ಎದ್ದಳು. ಕುರ್ಚಿಯಿಂದ ಎದ್ದ ಭಾವ ಕಂಬದ ಹಾಗೆ ನಿಂತೇ ಇದ್ದ. ಎತ್ತರದ ಕಟ್ಟಡದಲ್ಲಿ ಹಗ್ಗಕ್ಕೆ ಜೋತುಬಿದ್ದು ಕೆಲಸ ಮಾಡುವವನು, ಅವನ ಕೈಕಾಲು ಓಡಲಿಲ್ಲ.

ಕೈ ಹಾಕಿದವಳು ಚಿಕ್ಕಿ. ಸ್ವೆಟರಿನ ತೋಳಿನ ಸಮೇತ ಮೊಣಕೈವರೆಗೆ ಮುಳುಗಿಸಿದಳು. ಹಳೆಯದು ಅವಳ ಬೆರಳನ್ನೂ ಕಚ್ಚಿತು, ಬಿಡಲಿಲ್ಲ ಇವಳು. ಹೊಸದು ಮೇಲಿನ ಮೂಲೆಯಲ್ಲಿ ಗಾಜಿಗೆ ಅಂಟಿಕೊಂಡು ಬಾಯಿ ಬಿಡುತ್ತಿತ್ತು, ರೆಕ್ಕೆ ಹರಿದು ಚಿಂದಿಯಾಗಿತ್ತು. ಅದನ್ನು ಜಗ್ಗಿನಲ್ಲಿ ನೀರಿನ ಸಮೇತ ಎತ್ತಿ, ತೊಟ್ಟಿಯ ನೀರನ್ನೇ ಮೊಗೆದು ಮುಚ್ಚಳದ ಬಕೆಟ್ಟಿಗೆ ಬಿಟ್ಟಳು. ಜೀವ ಇತ್ತು. ತೋಳಿನಿಂದ ಉಪ್ಪುನೀರು ತೊಟ್ಟಿಕ್ಕಿ ನೆಲವೆಲ್ಲ ಒದ್ದೆಯಾಗಿತ್ತು. ಸ್ವೆಟರು ತೆಗೆದಳು, ಅಲ್ಲೇ ಕುರ್ಚಿಯ ಮೇಲೆ ಹಾಕಿದಳು. ಹೋಗಿ ಮಂಚದ ಕೆಳಗಿನ ಸೂಟ್‌ಕೇಸು ಎಳೆದು ತನ್ನದೇ ಒಂದು ಅಂಗಿ ತೆಗೆದು ತೊಟ್ಟುಕೊಂಡಳು. ಮಡಿಕೆಯ ಗೆರೆಗಳು ಹಾಗೇ ಇದ್ದವು.

ಭಾನುವಾರ ಸೋದರತ್ತೆ ಹೇಳಿದ ಹಾಗೆ ಬಂದಳು. ಮೇಜಿನ ಸುತ್ತ ಕೂತರು. ಬಾಗಿಲ ಬಳಿ ಬಕೆಟ್ಟಿತ್ತು, ಅದರ ಪಕ್ಕದಲ್ಲಿ ಗುಬ್ಬಿ ಮಂಡಿಗೆ ಗಲ್ಲ ಊರಿ ಕೂತಿದ್ದಳು. ಆಡಲು ಹೋಗು ಎಂದರೆ ಹೋಗಲಿಲ್ಲ.

“ಏನು ಯೋಚ್ನೆ ಮಾಡ್ದೆ?” ಎಂದಳು ಸೋದರತ್ತೆ.

“ಆಗಲ್ಲ,” ಎಂದಳು ಚಿಕ್ಕಿ. “ಗುಬ್ಬೀನ ನೋಡಿದ್ರೆ ಕರುಳು ಚುರ್ ಅನ್ನುತ್ತೆ. ಭಾವನ ಮೇಲೂ ನಂಗೆ ಬೇಜಾರಿಲ್ಲ. ಆದ್ರೆ ಆಗಲ್ಲ.”

“ಯಾಕಮ್ಮ? ಕಾರಣ ಬೇಡ್ವಾ?” ಸೋದರತ್ತೆ ತಮ್ಮನ ಕಡೆ ತಿರುಗಿದಳು. “ನೀನಾದ್ರೂ ಬಾಯಿಬಿಡೋ! ಕಲ್ಲಿನ ಹಾಗೆ ಕೂತಿದೀಯಲ್ಲ.”

ಭಾವ ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಮಾತಾಡಿದ. “ನಂಗೂ ಆಸೆ ಇತ್ತು, ಸುಳ್ಳು ಯಾಕೆ ಹೇಳ್ಲಿ. ಇವಳು ಬಾಗಿಲು ತೆಗೆದ್ರೆ ಸಾಕು, ಎದೆ ಹಗುರಾಗ್ತಿತ್ತು. ನಿನ್ನೆಯಿಂದ ಕಣ್ಮುಚ್ಚಿ ಅವಳ ಮುಖ ನೆನಪು ಮಾಡ್ಕೊಳ್ಳೋಕೆ ನೋಡ್ತಿದೀನಿ ಅಕ್ಕ. ಬರ್ತಿಲ್ಲ. ಪ್ರತೀ ಸಲ ಇವಳೇ ಬರ್ತಾಳೆ. ಫೋಟೋ ನೋಡಿದ್ರೂ ಇವಳ ಫೋಟೋ ನೋಡಿದ ಹಾಗಿರುತ್ತೆ.” ಅವನು ಚಿಕ್ಕಿಯ ಕಡೆ ತಿರುಗಿದ. “ತಪ್ಪು ತಿಳೀಬೇಡ ಕಣಮ್ಮ. ಅವಳನ್ನ ಒಂದ್ಸಲ ಕಳ್ಕೊಂಡೆ, ಅದಕ್ಕೆ ನನ್ನ ಕೈಲಿ ಏನೂ ಇರಲಿಲ್ಲ. ಈಗ ಇನ್ನೊಂದ್ಸಲ ಕಳ್ಕೋತಿದೀನಿ.”

ಚಿಕ್ಕಿ ಕಣ್ಣು ಮುಚ್ಚಿದಳು. ಅಕ್ಕನನ್ನು ಕರೆದಳು ಮನಸ್ಸಿನಲ್ಲೇ. ಬಂದದ್ದು ನೀಲಿ ಗಾಜಿನೊಳಗಿನ ತನ್ನದೇ ಮುಖ. ಮತ್ತೆ ಕರೆದಳು, ಮತ್ತೆ ತಾನೇ. ಸತ್ತವಳು ತನ್ನ ಮೈಮೇಲೆ ಬರುತ್ತಿದ್ದಾಳೆ ಎಂದು ಇಷ್ಟು ದಿನ ಹೆದರಿದ್ದಳಲ್ಲ, ನಡೆದದ್ದು ಅದಲ್ಲ. ಅಕ್ಕನ ಬಟ್ಟೆ, ಅಕ್ಕನ ಕುರ್ಚಿ, ಅಕ್ಕನ ಕರೆ ಎಲ್ಲದರಲ್ಲೂ ತಾನೇ ತುಂಬಿಕೊಂಡು, ಇದ್ದ ಚೂರು ಜಾಗದಿಂದಲೂ ಅವಳನ್ನು ಹೊರಗೆ ದೂಡಿದ್ದಳು. ಅದು ಗೊತ್ತಾದಾಗ ಆದ ಹೆದರಿಕೆ ಯಾವ ದೆವ್ವ ಕಂಡರೂ ಆಗುತ್ತಿರಲಿಲ್ಲ.

ಅಂದೇ ಸಂಜೆ ಹೊರಟಳು. ಸ್ವಲ್ಪ ದಿನ ತಾನಿರುತ್ತೇನೆ ಎಂದು ಸೋದರತ್ತೆ ಒಪ್ಪಿಕೊಂಡಳು, ಗೊಣಗುತ್ತಲೇ. ಭಾವ ಬಕೆಟ್ಟಿನ ಮುಚ್ಚಳ ಬಿಗಿಮಾಡಿ ಕೊಟ್ಟ. ಮೀನು ಅಂಗಡಿಗೆ ವಾಪಸ್ಸು ಹೋಗಬೇಕಿತ್ತು, ಅಂಗಡಿ ಅವಳ ದಾರಿಯಲ್ಲೇ. ಬಾಗಿಲಲ್ಲಿ ಗುಬ್ಬಿ ಅಡ್ಡ ನಿಂತಳು.

“ಶನಿವಾರ ಬರ್ತೀಯಾ?”

“ಬರ್ತೀನಿ.”

“ನಿನ್ನ ಬಟ್ಟೇನೇ ಹಾಕ್ಕೊಂಡು ಬಾ.”

“ಹೂಂ.”

“ಬರುವಾಗ ಆ ಮರಳು ಉಗುಳೋ ಮೀನು ತಗೊಂಡು ಬಾ. ಅದು ಅಮ್ಮನ ಥರ ಇಲ್ಲ,” ಎಂದು ಹೇಳಿ ಗುಬ್ಬಿ ಒಳಗೆ ಓಡಿದಳು. ಅಳುವುದನ್ನು ಯಾರಿಗೂ ತೋರಿಸುವವಳಲ್ಲ ಅವಳು.

ಬಸ್ಸಿನಲ್ಲಿ ಚಿಕ್ಕಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಸೂಟ್‌ಕೇಸು ಕಾಲ ಬಳಿ, ಬಕೆಟ್ಟು ತೊಡೆಯ ಮೇಲೆ. ಪಕ್ಕದಲ್ಲಿ ತರಕಾರಿ ಚೀಲ ಹಿಡಿದ ವಯಸ್ಸಾದ ಹೆಂಗಸು, ಬಕೆಟ್ಟಿನಲ್ಲಿರುವುದು ಮೀನು ಎಂದು ಆಗಲೇ ಕೇಳಿ ತಿಳಿದುಕೊಂಡಿದ್ದಳು. ಚಿಕ್ಕಿ ಮತ್ತೆ ಕಣ್ಣು ಮುಚ್ಚಿದಳು. ಮತ್ತೆ ತನ್ನದೇ ಮುಖ. ಅದನ್ನು ದೂಡುವ ಬದಲು ಕಸುಬಿನ ಕಣ್ಣಿಂದ ನೋಡತೊಡಗಿದಳು, ಅಚ್ಚು ಕೈಗೆತ್ತಿಕೊಂಡು ನೋಡುವ ಹಾಗೆ. ಹಣೆ ಅದೇ. ಮೂಗು ಅದೇ. ತುಟಿಯೂ ಅದೇ. ತುಟಿ ಬಿಡಿಸಿದರೆ ಮುಂದಿನ ಹಲ್ಲು.

ಅಲ್ಲಿ ನಿಂತಳು. ಅಕ್ಕನ ಮುಂದಿನ ಹಲ್ಲು ಚಕ್ಕೆ ಎದ್ದಿತ್ತು. ಚಿಕ್ಕವಳಿದ್ದಾಗ ಮೆಟ್ಟಿಲ ಮೇಲೆ ಬಿದ್ದು ಆದದ್ದು. ಫೋಟೋ ತೆಗೆಯುವಾಗ ಅವಳು ಯಾವಾಗಲೂ ತುಟಿ ಬಿಗಿಹಿಡಿಯುತ್ತಿದ್ದಳು. ‘ಒಂದೇ ದಿನದ ಕೆಲಸ ಕಣೆ, ಯಾರಿಗೂ ಗೊತ್ತಾಗದ ಹಾಗೆ ತುಂಬಿ ಕೊಡ್ತೀನಿ’ ಎಂದು ಚಿಕ್ಕಿ ಎಷ್ಟು ಸಲ ಗೋಗರೆದಿದ್ದಳು! ‘ನಿನ್ನ ಕೈ ಬಾಯಿಗೆ ಹಾಕ್ಬೇಡ ಹೋಗೇ, ಇದು ನಂದು’ ಎಂದು ಅಕ್ಕ ಆ ಚಕ್ಕೆಯೆದ್ದ ಹಲ್ಲು ಪೂರ್ತಿ ಕಾಣುವ ಹಾಗೆ ಬಾಯ್ತುಂಬ ನಗುತ್ತಿದ್ದಳು. ನಕ್ಕಳು. ಈಗ, ಕಣ್ಣೆದುರೇ. ಕೆನ್ನೆ ಮೇಲೇರಿ, ಎಡಗಣ್ಣು ಚಿಕ್ಕದಾಗಿ, ಇವಳು ಯಾವತ್ತೂ ನಗದ ಹಾಗೆ. ಅಚ್ಚೊತ್ತಿದಂತೆ ಅಕ್ಕನೇ, ಎಳ್ಳಷ್ಟೂ ಇವಳಲ್ಲ.

ಸಾವಿನ ದಿನ ಅಳದವಳು, ಆಮೇಲಿನ ತಿಂಗಳುಗಳಲ್ಲೂ ಅಳದವಳು, ಬಸ್ಸಿನಲ್ಲಿ ಬಕೆಟ್ಟಿನ ಮುಚ್ಚಳಕ್ಕೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು. ಮುಂದಿನ ಸೀಟಿನವರು ತಿರುಗಿ ನೋಡಿದರು. ಪಕ್ಕದ ಹೆಂಗಸು ಗಾಬರಿಯಾಗಿ ಬಕೆಟ್ಟಿನ ಕಡೆ ಬಾಗಿದಳು.

“ಯಾಕಮ್ಮ? ಮೀನಿಗೇನಾದ್ರೂ ಆಯ್ತಾ?”

ಚಿಕ್ಕಿ ಇಲ್ಲವೆಂದು ತಲೆಯಾಡಿಸಿದಳು. “ನಮ್ಮಕ್ಕ ತೀರ್ಕೊಂಡ್ಲು.”

“ಅಯ್ಯೋ ಪಾಪ. ಯಾವಾಗ?”

ಚಿಕ್ಕಿ ಬಾಯಿ ತೆರೆದಳು, ತಿಂಗಳು ಹೇಳಲು ಹೋದಳು, ಆಗಲಿಲ್ಲ.

“ಈಗ,” ಎಂದಳು. “ಈಗ್ತಾನೆ.”

ಆ ಹೆಂಗಸು ತರಕಾರಿ ಚೀಲ ಕೆಳಗಿಟ್ಟು ಚಿಕ್ಕಿಯ ಬೆನ್ನ ಮೇಲೆ ಕೈಯಿಟ್ಟಳು. ತನ್ನ ಸ್ಟಾಪು ಬಂದಾಗಲೂ ಇಳಿಯದೆ ಹಾಗೇ ಕೂತಿದ್ದಳು.